ಅಡ್ಡ ಬಂದವರು ಇರಲಿ ಬಿಡಿ

ನಮಸ್ಕಾರ.

ನಿಮ್ಮ ಪತ್ರ, ಜೊತೆಗಿದ್ದ 12 ಫೋಟೋಗಳು ಎರಡೂ ಮೇಜಿನ ಮೇಲಿವೆ. ಮೂರು ವಾರ ಊರೂರು ಸುತ್ತಿ, ಬೀದಿಯ ಗೋಡೆಚಿತ್ರಗಳ 1,400 ಫೋಟೋ ತೆಗೆದಿದ್ದೀರಿ. ಮನೆಗೆ ಬಂದು ನೋಡಿದರೆ "ಚೆನ್ನಾಗಿರುವುದೆಲ್ಲ ಗೋಡೆಯ ಮೇಲೆ ಬರೆದವರದ್ದು, ನನ್ನದು ಅಂತ ಏನೂ ಇಲ್ಲ" ಅನಿಸಿತು ಎಂದು ಬರೆದಿದ್ದೀರಿ. ಇನ್ನೊಬ್ಬರ ಚಿತ್ರದ ಚಿತ್ರ ತೆಗೆದರೆ ಅದು ಕಳ್ಳತನವೇ ಎಂದೂ ಕೇಳಿದ್ದೀರಿ.

ನಿಮ್ಮ ಏಳನೆಯ ಫೋಟೋ ನೋಡುವವರೆಗೆ ನನಗೂ ಹಾಗೇ ಅನಿಸಿತ್ತು. ದೊಡ್ಡ ನೀಲಿ ಹಕ್ಕಿಯ ಗೋಡೆ. ಕೆಳಗಿನ ಮೂಲೆಯಲ್ಲಿ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಚಪ್ಪಲಿ ಕಳಚಿ ಒಳಗಿನ ಕಲ್ಲು ಕೊಡವುತ್ತಿದ್ದಾರೆ. ನೀವು ಅವರನ್ನು ಅರ್ಧಕ್ಕೆ ಕತ್ತರಿಸಿ, ಹಿಂಬದಿಯಲ್ಲಿ "ಕ್ಷಮಿಸಿ, ಒಬ್ಬರು ಅಡ್ಡ ಬಂದರು" ಎಂದು ಬರೆದಿದ್ದೀರಿ. ಹನ್ನೆರಡರಲ್ಲಿ ನಿಮ್ಮದು ಎನ್ನಬಹುದಾದ ಫೋಟೋ ಅದೊಂದೇ. ಹಕ್ಕಿ ನಾಳೆ ಹೋದವರಿಗೂ ಸಿಗುತ್ತದೆ, ಆ ಕಲ್ಲು ಕೊಡವಿದ ಗಳಿಗೆ ಯಾರಿಗೂ ಸಿಗುವುದಿಲ್ಲ.

ಹಾಗೆಂದು ಉಳಿದ ಹನ್ನೊಂದು ದಂಡ ಎಂದಲ್ಲ. ಅವು ದಾಖಲೆ. ಛಾಯಾಗ್ರಾಹಕಿ ಮಾರ್ಥಾ ಕೂಪರ್ 1980ರ ಸುಮಾರಿಗೆ ನ್ಯೂಯಾರ್ಕಿನ ಮೆಟ್ರೋ ರೈಲುಗಳ ಮೇಲಿನ ಗ್ರಾಫಿಟಿಯ (ಸ್ಪ್ರೇ ಬಣ್ಣದ ಬರಹ, ಚಿತ್ರಗಳ) ಫೋಟೋ ತೆಗೆಯಲು ಖಾಲಿ ನಿವೇಶನಗಳಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದರು. 1989ರ ಹೊತ್ತಿಗೆ ಆ ರೈಲುಗಳನ್ನೆಲ್ಲ ತೊಳೆದು ಹಾಕಿಯಾಗಿತ್ತು. ಈಗ ಉಳಿದಿರುವುದು ಅಂಥ ಫೋಟೋಗಳು ಮಾತ್ರ. ಬಿಸಿಲು ಸರಿಯಿಲ್ಲವೆಂದು ನಾನೂ ಒಮ್ಮೆ ಒಂದು ಗೋಡೆಯನ್ನು ನಾಳೆಗೆ ಬಿಟ್ಟಿದ್ದೆ. ಮರುದಿನ ಹೋದರೆ ಅರ್ಧಕ್ಕೆ ಬೂದು ಬಣ್ಣ ಬಳಿದಾಗಿತ್ತು, ಏಣಿ ಇನ್ನೂ ಅಲ್ಲೇ ಇತ್ತು.

ದಾಖಲೆ ಅಂದಮೇಲೆ ದಾಖಲೆಯ ಹಾಗೇ ತೆಗೆಯಿರಿ. ಗೋಡೆಗೆ ನೇರ ಎದುರು ನಿಲ್ಲಿ. ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಗೋಡೆ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ, ನಿಮ್ಮ ಮೂರನೆಯದರಲ್ಲಿ ಆಗಿರುವುದು ಅದೇ. ರಸ್ತೆಯ ಆಚೆಗೆ ಹೋಗಿ ಎರಡರಷ್ಟು ಜೂಮ್ ಮಾಡಿದರೆ ಗೆರೆಗಳು ನೆಟ್ಟಗಾಗುತ್ತವೆ. ಮೋಡದ ದಿನವೇ ವಾಸಿ. ನಡುಹಗಲಲ್ಲಿ ತಂತಿಯ ನೆರಳು ಚಿತ್ರದ ಮೇಲೆ ಗೀರು ಎಳೆಯುತ್ತದೆ, ಸ್ಪ್ರೇ ಬಣ್ಣವೂ ಮಿಂಚುತ್ತದೆ. ನೆಲ, ಕಿಟಕಿ ಸೇರಿದ ಒಂದು ಫ್ರೇಮ್ ಇರಲಿ, ಅಳತೆ ಗೊತ್ತಾಗುತ್ತದೆ. ಬೀದಿಯ ಹೆಸರು, ತಾರೀಕು ಬರೆದುಕೊಳ್ಳಿ. ಪ್ಯಾರಿಸ್ಸಿನ ಗೋಡೆಗಳ ಗೀಚುಗಳನ್ನು 1930ರ ದಶಕದಿಂದ ತೆಗೆದ ಛಾಯಾಗ್ರಾಹಕ ಬ್ರಸಾಯ್ ವಿಳಾಸಗಳನ್ನು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ವರ್ಷಗಳ ಮೇಲೆ ಅದೇ ಗೋಡೆಯ ಹತ್ತಿರ ಮತ್ತೆ ಹೋಗುತ್ತಿದ್ದರು.

ದಾಖಲೆ ಮುಗಿದ ಮೇಲೆ ಹೊರಟುಬಿಡಬೇಡಿ. ಅಲ್ಲೇ ಅರ್ಧ ಗಂಟೆ ನಿಲ್ಲಿ. ಕ್ಯಾಮೆರಾದ ಬೆಳಕಿನ ಅಳತೆಯನ್ನು ಗೋಡೆಗೆ ಹೊಂದಿಸಿ ಲಾಕ್ ಮಾಡಿ, ನಡೆಯುವವರು ಮಸುಕಾಗದ ಹಾಗೆ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಂತೆ ನೋಡಿಕೊಳ್ಳಿ, ಆಮೇಲೆ ಕ್ಯಾಮೆರಾ ಮರೆತು ಬೀದಿ ನೋಡಿ. ಮೊದಲ ಹತ್ತು ನಿಮಿಷ ಜನ ನಿಮ್ಮನ್ನು ನೋಡುತ್ತಾರೆ, ಆಮೇಲೆ ತಮ್ಮ ಪಾಡಿಗೆ ತಾವು ಇರುತ್ತಾರೆ. ಛಾಯಾಗ್ರಾಹಕಿ ಹೆಲೆನ್ ಲೆವಿಟ್ 1930ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಮಕ್ಕಳ ಸೀಮೆಸುಣ್ಣದ ಚಿತ್ರಗಳನ್ನು ತೆಗೆದರು. ಬರೀ ಚಿತ್ರಗಳನ್ನಲ್ಲ, ಬರೆಯುತ್ತಿದ್ದ ಮಕ್ಕಳನ್ನೂ ತೆಗೆದರು.

ಒಂದು ಬೇಡಿಕೆ. ಗೋಡೆಯ ರೆಕ್ಕೆ ದಾರಿಹೋಕರ ಬೆನ್ನಿಗೆ ಕೂತಂತೆ ಕಾಣುವ ಫೋಟೋ ದಯವಿಟ್ಟು ಕಳಿಸಬೇಡಿ. ಅಂಥವು ನಮ್ಮಲ್ಲಿ ಗೋಣಿಗಟ್ಟಲೆ ಇವೆ.

ಮುಖ ಸ್ಪಷ್ಟವಾಗಿ ಕಂಡರೆ ಕೇಳಿ. ಮೊದಲೇ ಕೇಳಲಾಗದಿದ್ದರೆ ತೆಗೆದ ಮೇಲಾದರೂ ತೋರಿಸಿ. ಬೇಡ ಅಂದರೆ ಅವರ ಎದುರೇ ಅಳಿಸಿ. ಮಕ್ಕಳಾದರೆ ದೊಡ್ಡವರನ್ನು ಕೇಳದೆ ತೆಗೆಯಲೇ ಬೇಡಿ.

ಇನ್ನು ಕಳ್ಳತನದ ವಿಷಯ. ನೆನಪಿಗೆಂದು ತೆಗೆದು ಮನೆಯಲ್ಲಿಟ್ಟುಕೊಂಡರೆ ಯಾರೂ ತಕರಾರು ತೆಗೆಯುವುದಿಲ್ಲ. ಅಚ್ಚು ಹಾಕುವಾಗ, ಮಾರುವಾಗ ಮಾತು ಬೇರೆ, ಮತ್ತು ದೇಶಕ್ಕೊಂದು ಕಾನೂನು. ಸಾರ್ವಜನಿಕ ಬೀದಿಯಲ್ಲಿ ಶಾಶ್ವತವಾಗಿರುವ ಕಲಾಕೃತಿಯ ಫೋಟೋವನ್ನು ಜರ್ಮನಿಯಲ್ಲಿ ಪ್ರಕಟಿಸಬಹುದು. ಬ್ರಿಟನ್ನಿನ 1988ರ ಕಾಯ್ದೆ ಆ ರಿಯಾಯಿತಿಯನ್ನು ಕಟ್ಟಡ, ಶಿಲ್ಪಗಳಿಗೆ ಕೊಟ್ಟು ಗೋಡೆಚಿತ್ರವನ್ನು ಹೊರಗಿಟ್ಟಿದೆ. ಬೀದಿಯಲ್ಲಿದೆ ಎಂದಮಾತ್ರಕ್ಕೆ ಚಿತ್ರ ಅನಾಥವಲ್ಲ: ನ್ಯೂಯಾರ್ಕಿನ ಫೈವ್ ಪಾಯಿಂಟ್ಜ್ ಕಟ್ಟಡದ ಚಿತ್ರಗಳಿಗೆ 2013ರಲ್ಲಿ ಮಾಲೀಕರು ರಾತ್ರೋರಾತ್ರಿ ಬಿಳಿ ಬಣ್ಣ ಬಳಿಸಿದರು, 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಕೊಡಿಸಿತು.

ಆದ್ದರಿಂದ ಏಳನೆಯದರ ಮೂಲ ಫೋಟೋ, ಕತ್ತರಿಸದೆ ಇರುವುದು, ನಿಮ್ಮ ಹತ್ತಿರ ಇದ್ದರೆ ಕಳಿಸಿ. ಹೆಂಗಸಿನ ಮುಖ ಬಗ್ಗಿರುವುದರಿಂದ ಕಾಣುವುದಿಲ್ಲ, ಆ ಚಿಂತೆಯಿಲ್ಲ. ಆದರೆ ಸಾಮಾನ್ಯವಾಗಿ ಚಿತ್ರಕಾರರ ಸಹಿ ಇರುವ ಮೂಲೆಯನ್ನೇ ನೀವು ಆ ಹೆಂಗಸಿನ ಜೊತೆಗೆ ಕತ್ತರಿಸಿ ಹಾಕಿದ್ದೀರಿ. ಚಿತ್ರಕಾರರ ಹೆಸರು ಸಿಕ್ಕರೆ ಅವರಿಗೂ ಬರೆದು, ಅಚ್ಚು ಹಾಕಲು ಒಪ್ಪಿಗೆ ಕೇಳುತ್ತೇವೆ.

– ಸಂಪಾದಕ