ದಾವಣಗೆರೆಯಿಂದ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಜಲಾಶಯದ ಕಡೆಗೆ ಕ್ಯಾಂಪರ್ ವ್ಯಾನ್‌ನಲ್ಲಿ ಎರಡು ರಾತ್ರಿಯ ಪ್ರವಾಸ: ಏನೇನು ಕಟ್ಟಿಕೊಳ್ಳಬೇಕು?

ಬಟ್ಟೆಬರೆ ಆಮೇಲೆ, ಮೊದಲು ನೀರು. ಚಿತ್ರದುರ್ಗದ ಬಿಸಿಲಿಗೆ ಕುಡಿಯಲೆಂದೇ ತಲೆಗೆ ದಿನಕ್ಕೆ 4 ಲೀಟರ್ ಇಟ್ಟುಕೊಳ್ಳಿ. ತೊಳೆಯುವ ನೀರು ಬೇರೆ. ಟ್ಯಾಂಕ್ ತುಂಬಲು ಪೈಪ್ ಒಯ್ಯುವವರು ಕ್ಲಿಪ್ ಮರೆಯುತ್ತಾರೆ. ಹೆದ್ದಾರಿ ಬದಿಯ ನಲ್ಲಿಗಳು ಒಂದೊಂದು ಅಳತೆಯವು. ಎರಡು ಸ್ಕ್ರೂ ಕ್ಲಿಪ್, ಒಂದು ಸ್ಕ್ರೂಡ್ರೈವರ್ ಇಲ್ಲದಿದ್ದರೆ ಅರ್ಧ ನೀರು ನಿಮ್ಮ ಪ್ಯಾಂಟಿಗೇ.

ಗ್ಯಾಸ್ ಒಲೆಯ ವಿಷಯದಲ್ಲಿ ಮಾತ್ರ ಧಾರಾಳತನ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಆದ್ದರಿಂದ ತಳದ ಗಾಳಿಕಿಂಡಿಗೆ ಚೀಲ ಒತ್ತರಿಸಬೇಡಿ, ಮಲಗುವಾಗ ಸಿಲಿಂಡರ್ ಬಂದ್ ಮಾಡಿ. ಈ ಭಾಗದಲ್ಲಿ ಗಾಳಿಯ ಆರ್ಭಟ ಜೋರು, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದರೆ ತಿಳಿಯುತ್ತದೆ. ಹೊರಗೆ ಒಲೆ ಹಚ್ಚುವುದಾದರೆ ತಗಡಿನ ಮರೆ ಬೇಕೇ ಬೇಕು.

ಚಕ್ರಕ್ಕೆ ಅಡ್ಡ ಕೊಡಲು ಎರಡು ಮರದ ತುಂಡು, ಜಾಕ್, ಗಾಳಿ ತುಂಬಿದ ಸ್ಟೆಪ್ನಿ, ಟಾರ್ಚ್, ಔಷಧಿ, ಸೊಳ್ಳೆಪರದೆ. ತಿನ್ನಲು ಮಂಡಕ್ಕಿ, ಚಟ್ನಿಪುಡಿ: ಹಗುರ, ಫ್ರಿಜ್ ಕೇಳುವುದಿಲ್ಲ. ಬೆಣ್ಣೆ ದೋಸೆ ಊರಲ್ಲೇ ತಿಂದು ಹೊರಡಿ, ಕಟ್ಟಿಸಿಕೊಂಡರೆ ರಬ್ಬರ್ ಆಗುತ್ತದೆ.

ಜಲಾಶಯದ ಅಂಚಿನಲ್ಲಾಗಲಿ ಜೋಗಿಮಟ್ಟಿ ಕಾಡಿನಲ್ಲಾಗಲಿ ಅನುಮತಿಯಿಲ್ಲದೆ ರಾತ್ರಿ ತಂಗಬೇಡಿ, ಮೊದಲೇ ವಿಚಾರಿಸಿ.