ಕಟ್ಟಿಗೆ ಇಳಿಸಲು ಯಾವ ಗಾಡಿ?

ಪ್ರಶ್ನೆ: ಅಕ್ಕ, ನಮ್ಮದು ಸಾಗರ ತಾಲ್ಲೂಕು. ಎರಡೂವರೆ ಎಕರೆ ಅಡಿಕೆ ತೋಟ, ಅರ್ಧ ಎಕರೆ ಗದ್ದೆ. ಮನೆಯ ಮೇಲಿನ ಗುಡ್ಡದಲ್ಲಿ ಒಂದೂವರೆ ಎಕರೆ ಅಕೇಶಿಯಾ ಇದೆ. ಬಚ್ಚಲ ಒಲೆಗೂ ಅಡಿಕೆ ಬೇಯಿಸುವುದಕ್ಕೂ ಕಟ್ಟಿಗೆ ಅಲ್ಲಿಂದಲೇ ಬರಬೇಕು. ಗುಡ್ಡದಿಂದ ಅಂಗಳಕ್ಕೆ ಸುಮಾರು 400 ಮೀಟರ್ ಮಣ್ಣು ದಾರಿ, ಎರಡು ಕಡೆ ಜೋರು ತಿರುವು. ಮೊದಲು ಆಳುಗಳು ಹೊತ್ತು ತರುತ್ತಿದ್ದರು, ಈಗ ಯಾರೂ ಸಿಗುವುದಿಲ್ಲ. ಅಪ್ಪ ಹಳೇ ಜೀಪು ತಗೋ ಅನ್ನುತ್ತಾರೆ. ಭಾವ ಪಿಕಪ್ ಅನ್ನುತ್ತಾರೆ. ಪಕ್ಕದ ಮನೆಯವರದು ಟಿಲ್ಲರ್. ಶೋರೂಮಿನವರು ಮಿನಿ ಟ್ರ್ಯಾಕ್ಟರ್ ತೋರಿಸುತ್ತಿದ್ದಾರೆ. ಕೈಯಲ್ಲಿ 7 ಲಕ್ಷ ಇದೆ. ನನಗೆ 52 ವರ್ಷ. ಯಾವುದು ಸರಿ?

ಉತ್ತರ: ಗಾಡಿ ತಗೊಳ್ಳುವವರೆಲ್ಲ ಮೊದಲು ಕೇಳುವುದು ‘ಏರು ಹತ್ತುತ್ತಾ?’ ಅಂತ. ನಿಮ್ಮ ದಾರಿ ಒಮ್ಮೆ ನೆನೆಸಿಕೊಳ್ಳಿ. ಹತ್ತುವಾಗ ನಿಮ್ಮ ಗಾಡಿ ಖಾಲಿ. ಲೋಡು ಇರುವುದು ಇಳಿಯುವಾಗ. ಹಾಗಾಗಿ ನೀವು ಕೇಳಬೇಕಾದದ್ದು ಒಂದೇ: ಒದ್ದೆ ಮಣ್ಣಿನಲ್ಲಿ, ಕಟ್ಟಿಗೆ ಹೇರಿಕೊಂಡು, ಇದು ನಿಧಾನಕ್ಕೆ ಇಳಿಯುತ್ತಾ?

ಇದನ್ನು ನಾನು ಕಲಿತದ್ದು ನಮ್ಮ ಟಿಲ್ಲರಿನಿಂದ, ಅಂದರೆ ಎರಡು ಚಕ್ರದ, ಹಿಡಿಕೆ ಹಿಡಿದು ನಡೆಸುವ ಉಳುವ ಯಂತ್ರದಿಂದ. ಹೊಸನಗರ ಕಡೆಯ ನಮ್ಮ ಮನೆಯಲ್ಲಿ 13 ಎಚ್‌ಪಿ ಟಿಲ್ಲರ್ ಬಹಳ ವರ್ಷ ಇತ್ತು. ಗದ್ದೆಗೆ ಬಂಗಾರದಂಥದ್ದು. ಟ್ರೈಲರ್ ಸಿಕ್ಕಿಸಿ ಗೊಬ್ಬರ, ದರಗು ಎಲ್ಲ ಹೊಡೆದಿದ್ದೇವೆ. ಒಂದು ಮೇ ತಿಂಗಳು, ಮೊದಲ ಮಳೆ ಬಿದ್ದ ಮಾರನೇ ದಿನ, ನಮ್ಮ ಮನೆಯವರು ಕಟ್ಟಿಗೆ ಲೋಡು ಇಳಿಸುತ್ತಿದ್ದರು. ತಿರುವಿನಲ್ಲಿ ಎಡಕ್ಕೆ ತಿರುಗಿಸಲು ಎಡ ಲಿವರ್ ಹಿಡಿದರು. ಟಿಲ್ಲರ್ ಸೀದಾ ಬಲಕ್ಕೆ ಹೋಗಿ ಧರೆಗೆ (ದಾರಿ ಬದಿಯ ಮಣ್ಣಿನ ಗೋಡೆಗೆ) ಗುದ್ದಿತು. ಪುಣ್ಯಕ್ಕೆ ಬಲಕ್ಕಿದ್ದದ್ದು ಧರೆ. ಎಡಕ್ಕೆ ಹಳ್ಳ.

ಅದು ಟಿಲ್ಲರಿನ ತಪ್ಪಲ್ಲ. ಅದರ ಗುಣವೇ ಹಾಗೆ. ಎಡ ಲಿವರ್ ಹಿಡಿದರೆ ಎಡ ಚಕ್ರಕ್ಕೂ ಇಂಜಿನ್ನಿಗೂ ಸಂಬಂಧ ತಪ್ಪುತ್ತದೆ. ಸಮತಟ್ಟಿನಲ್ಲಿ ಬಲ ಚಕ್ರ ತಳ್ಳಿ ಗಾಡಿ ಎಡಕ್ಕೆ ತಿರುಗುತ್ತದೆ. ಜೋರು ಇಳಿಜಾರಿನಲ್ಲಿ ಲೋಡು ಹಿಂದಿನಿಂದ ನೂಕುತ್ತಿರುತ್ತದೆ, ಇಂಜಿನ್ ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಆಗ ಎಡ ಲಿವರ್ ಹಿಡಿದರೆ ಎಡ ಚಕ್ರದ ತಡೆಯೇ ಬಿಟ್ಟುಹೋಗಿ, ಅದು ಓಡಿ, ಗಾಡಿ ಬಲಕ್ಕೆ ತಿರುಗುತ್ತದೆ. ಪಳಗಿದವರು ಉಲ್ಟಾ ಲಿವರ್ ಹಿಡಿದು ಇಳಿಸುತ್ತಾರೆ. ನೀವು 52ನೇ ವಯಸ್ಸಿಗೆ, ಎರಡು ತಿರುವು ಇರುವ ದಾರಿಯಲ್ಲಿ ಅದನ್ನು ಹೊಸದಾಗಿ ಕಲಿಯುವುದು ನನಗೆ ಇಷ್ಟವಿಲ್ಲ. ಪಕ್ಕದ ಮನೆಯವರ ದಾರಿ ಸಮ ಇರಬಹುದು, ಹೋಗಿ ನೋಡಿ.

ಜೀಪು ಅಂದರೆ ನನ್ನ ಮನಸ್ಸು ಮೆತ್ತಗಾಗುತ್ತದೆ. ನನ್ನ ಮದುವೆ ದಿಬ್ಬಣ ಬಂದದ್ದೇ ಜೀಪಿನಲ್ಲಿ, ಹದಿನಾರು ಜನ! ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ) ಹಾಕಿ, ಲೋ ಗೇರಿನಲ್ಲಿ ಬಿಟ್ಟರೆ ಹಳೇ ಮಹೀಂದ್ರ ಜೀಪು ಬ್ರೇಕ್ ಮುಟ್ಟದೆ ಇಳಿಯುತ್ತದೆ. ನಿಮ್ಮ ಅಪ್ಪ ಹೇಳುವುದು ಸುಳ್ಳಲ್ಲ. ಆದರೆ 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗಬೇಕು. ಮಲೆನಾಡಿನ ಮಳೆ ಕುಡಿದ ಚಾಸಿಗೆ ಬಣ್ಣ ಬಳಿದು ಮಾರುವವರು ಬೇಕಾದಷ್ಟು ಇದ್ದಾರೆ. ನೋಡಲು ಹೋದರೆ ಒಂದು ಸುತ್ತಿಗೆ ತಗೊಂಡು ಹೋಗಿ. ಹಿಂದಿನ ಪಾಟಾ (ಸ್ಪ್ರಿಂಗ್ ಪಟ್ಟಿ) ಕೂರುವ ಜಾಗದಲ್ಲಿ ಮೆಲ್ಲಗೆ ಬಡಿಯಿರಿ. ಟಣ್ ಅನ್ನಬೇಕು. ಪುಸ್ ಅಂದರೆ ಚಹಾ ಕುಡಿದು ಮನೆಗೆ ಬನ್ನಿ.

ಪಿಕಪ್ ಬೇಡ. ಅದು ಟಾರು ರಸ್ತೆಯ ಗಾಡಿ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ. ಖಾಲಿ ಇದ್ದಾಗ ಹಿಂಭಾಗ ಹಗುರ, ಒದ್ದೆ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತದೆ. ಟಾಟಾ ಏಸ್‌ನಂಥ ಸಣ್ಣ ಗಾಡಿಗಳ ಚಕ್ರ ಇನ್ನೂ ಚಿಕ್ಕದು. ಫೋರ್ ವೀಲ್ ಇರುವ ಬೊಲೆರೊ ಕ್ಯಾಂಪರ್ ಬರುತ್ತದೆ, ಹೊಸದಕ್ಕೆ ನಿಮ್ಮ 7 ಲಕ್ಷ ಸಾಲುವುದಿಲ್ಲ. ಅಡಿಕೆ ಮಂಡಿಗೆ ಒಯ್ಯಲು ವರ್ಷಕ್ಕೆ ನಾಲ್ಕು ಸಲ ಬಾಡಿಗೆ ಪಿಕಪ್ ಕರೆಯಿರಿ, ಸಾಕು.

ಹಾಗಾದರೆ ಉಳಿದದ್ದು ಮಿನಿ ಟ್ರ್ಯಾಕ್ಟರ್. ನನ್ನ ಮತ ಅದಕ್ಕೇ, ಆದರೆ ಫೋರ್ ವೀಲ್ ಇರುವುದಕ್ಕೆ ಮಾತ್ರ. ಮಹೀಂದ್ರ ಜೀವೊ 245, ಕುಬೋಟಾ ನಿಯೊಸ್ಟಾರ್ ಬಿ2441 ಎರಡೂ 24 ಎಚ್‌ಪಿಯವು, ಎರಡರಲ್ಲೂ ಫೋರ್ ವೀಲ್ ಇದೆ. ಒಂಬತ್ತು ಅಡಿ ಅಂತರದ ತೋಟದಲ್ಲಿ ಸಾಲಿನ ನಡುವೆ ಹೋಗುತ್ತವೆ, ಬಸಿಗಾಲುವೆ ಅಡ್ಡ ಬರದಿದ್ದರೆ. ನಿಮ್ಮ ಅರ್ಧ ಎಕರೆ ಗದ್ದೆಗೆ ರೋಟವೇಟರ್ ಆಯಿತು, ಔಷಧಿ ಹೊಡೆಯುವ ಪಂಪಿಗೂ ಆಯಿತು. ಜೀಪು ಇದನ್ನೆಲ್ಲ ಮಾಡುವುದಿಲ್ಲ ಅಲ್ವಾ?

ದುಡ್ಡು ಕೊಡುವ ಮೊದಲು ಡೆಮೊ ಕೇಳಿ. ಶೋರೂಮಿನ ಅಂಗಳದಲ್ಲಿ ಬೇಡ, ನಿಮ್ಮ ಗುಡ್ಡದಲ್ಲಿ. ಟ್ರೈಲರ್ ಹಾಕಿಯೇ ಬರಲಿ. ತಿರುವಿನಲ್ಲಿ ಟ್ರೈಲರ್ ಒಳಮೈಯಿಂದ ಕತ್ತರಿಸಿಕೊಂಡು ಬರುತ್ತದೆ, ಆ ಎರಡು ತಿರುವನ್ನು ಜೆಸಿಬಿಯಿಂದ ಒಂದಿಷ್ಟು ಅಗಲ ಮಾಡಬೇಕಾಗಬಹುದು. ಟ್ರೈಲರ್, ಜೆಸಿಬಿ ಖರ್ಚು ಮೊದಲೇ ತೆಗೆದಿಡಿ. ಸಹಾಯಧನ ಬೇಕಿದ್ದರೆ ಪಹಣಿ, ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಮೊದಲು ಅರ್ಜಿ, ಆಮೇಲೆ ಗಾಡಿ. ನಾವು ಉಲ್ಟಾ ಮಾಡಿ ಕೈಸುಟ್ಟುಕೊಂಡೆವು.

ಟ್ರ್ಯಾಕ್ಟರಿಗೆ ಎಡಬಲಕ್ಕೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ಇಳಿಯುವ ಮೊದಲು ಎರಡನ್ನೂ ಕೂಡಿಸುವ ಕೊಂಡಿ ಹಾಕಿ. ಒಂದೇ ಬದಿ ಬ್ರೇಕ್ ಬಿದ್ದರೆ ಗಾಡಿ ಗಿರ್ರನೆ ತಿರುಗುತ್ತದೆ. ಗುಡ್ಡದ ಮೇಲೆಯೇ ಲೋ ಗೇರ್ ಹಾಕಿಕೊಂಡು ಹೊರಡಿ, ನಡುದಾರಿಯಲ್ಲಿ ಕ್ಲಚ್ ಒತ್ತಬೇಡಿ. ಲೋಡು ಟ್ರ್ಯಾಕ್ಟರಿನ ತೂಕಕ್ಕಿಂತ ಜಾಸ್ತಿ ಬೇಡ. ಇನ್ನೊಂದು: ದಿಮ್ಮಿ ಎಳೆಯುವಾಗ ಸರಪಳಿಯನ್ನು ಕೆಳಗಿನ ಹುಕ್ಕಿಗೇ ಕಟ್ಟಿ. ಮೇಲುಗಡೆ ಕಟ್ಟಿದರೆ, ದಿಮ್ಮಿ ಬೇರಿಗೆ ಸಿಕ್ಕಿಕೊಂಡ ಕ್ಷಣಕ್ಕೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ.

ಖರ್ಚಿಲ್ಲದ ಒಂದು ಉಪಾಯವೂ ಇದೆ. ಹಸಿ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರು. ಡಿಸೆಂಬರಿನಲ್ಲಿ ಕಡಿದು, ತುಂಡು ಮಾಡಿ, ಗುಡ್ಡದಲ್ಲೇ ಬಿಸಿಲಿಗೆ ಒಟ್ಟಿಡಿ. ಏಪ್ರಿಲಿನಲ್ಲಿ ಇಳಿಸಿ. ನೀರು ಹೊರುವ ಕೆಲಸ ಬಿಸಿಲೇ ಮಾಡಿರುತ್ತದೆ, ದಾರಿಯೂ ಒಣಗಿರುತ್ತದೆ. ಅಂದ ಹಾಗೆ, ಆ ಗುಡ್ಡ ಸ್ವಂತದ್ದೋ ಸೊಪ್ಪಿನ ಬೆಟ್ಟವೋ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಸರ್ಕಾರಿ ಜಾಗ) ನೀವು ಬರೆದಿಲ್ಲ. ಬೆಟ್ಟವಾದರೆ ಕತ್ತಿ ಎತ್ತುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ಪ್ರಶ್ನೆ: ಮಗನಿಗೆ ಕಾರಿನ ಲೈಸೆನ್ಸ್ ಮಾತ್ರ ಇದೆ. ಅವನು ಟ್ರ್ಯಾಕ್ಟರ್ ಅಥವಾ ಪಿಕಪ್ ಓಡಿಸಬಹುದೇ? ಕೆಲಸದವರನ್ನು ಟ್ರೈಲರಿನಲ್ಲಿ ಕೂರಿಸಬಹುದೇ? (ಕೊಪ್ಪದಿಂದ ಒಬ್ಬರು)

ಉತ್ತರ: ಲೈಸೆನ್ಸಿನಲ್ಲಿ ಎಲ್‌ಎಂವಿ (ಲಘು ಮೋಟಾರು ವಾಹನ) ಅಂತ ಇದ್ದರೆ ಪಿಕಪ್ ಓಡಿಸಬಹುದು. ಒಟ್ಟು ತೂಕ 7,500 ಕೆ.ಜಿ. ದಾಟದ ಸರಕು ಗಾಡಿಗೆ ಅದೇ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಕಾಯ್ದೆಯಲ್ಲಿ ಸಣ್ಣ ಟ್ರ್ಯಾಕ್ಟರ್ ಕೂಡ ಎಲ್‌ಎಂವಿಯೇ. ಆದರೆ ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರನ್ನು ಬಾಡಿಗೆಗೆ ಬಿಟ್ಟು ಏನಾದರೂ ಆದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಟ್ರೈಲರಿನಲ್ಲಿ ಜನ ಕೂರಬಾರದು. ಕಟ್ಟಿಗೆ ಮೇಲಂತೂ ಬೇಡವೇ ಬೇಡ. ನಮ್ಮಲ್ಲಿ ಕೆಲಸದವರು ಟ್ರ್ಯಾಕ್ಟರಿನ ಹಿಂದೆ ನಡೆದುಕೊಂಡೇ ಇಳಿಯುತ್ತಾರೆ, ದಾರಿಯುದ್ದಕ್ಕೂ ನನ್ನನ್ನು ಬಯ್ಯುತ್ತಾ.