ಲೆಕ್ಕ ಮಾಡುವಾಗ ಮಗಳು ಒಬ್ಬಳೇ ಗೊಣಗುತ್ತಾಳೆ, ಆ ಅಭ್ಯಾಸ ಬಿಡಿಸಬೇಕಾ?

ಪ್ರಶ್ನೆ: ಮಗಳು ಹತ್ತನೇ ತರಗತಿ. ಲೆಕ್ಕ ಮಾಡುವಾಗ ತನ್ನಷ್ಟಕ್ಕೆ ಗೊಣಗುತ್ತಿರುತ್ತಾಳೆ. ಹಾಗೆ ಒಬ್ಬಳೇ ಮಾತಾಡಬಾರದು ಎಂದು ಅತ್ತೆ ಗದರುತ್ತಾರೆ. ಉತ್ತರ ತಪ್ಪಾದರೆ 'ನಾನು ದಡ್ಡಿ, ನನ್ನ ತಲೆಗೆ ಹತ್ತಲ್ಲ' ಅಂತಾಳೆ. ದಿನಾ ಕನ್ನಡಿ ಮುಂದೆ ನಿಂತು 'ನಾನು ಜಾಣೆ' ಎಂದು ಹೇಳಿಕೋ ಅಂದೆ. ಅತ್ತೇಬಿಟ್ಟಳು. ನನಗೂ ಗಣಿತ ಅಷ್ಟಕ್ಕಷ್ಟೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಗೊಣಗೋದನ್ನು ದಯವಿಟ್ಟು ನಿಲ್ಲಿಸಬೇಡಿ. ಅವಳು ಯೋಚನೆ ಮಾಡುತ್ತಿರುವ ಸದ್ದು ಅದು. ಚಿಕ್ಕ ಮಕ್ಕಳು ಜೋರಾಗಿ ಹೇಳಿಕೊಂಡೇ ಕೆಲಸ ಮಾಡುತ್ತಾರೆ, ಬೆಳೆಯುತ್ತಾ ಆ ಮಾತು ಒಳಗೆ ಇಳಿಯುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ 1930ರ ದಶಕದಲ್ಲೇ ವಿವರಿಸಿದ್ದರು. ಕೆಲಸ ಕಷ್ಟವಾದಾಗ ಅದು ಮತ್ತೆ ತುಟಿಗೆ ಬರುತ್ತದೆ. ಬೀಗದ ಕೈ ಹುಡುಕುವಾಗ ನಾವೂ 'ಎಲ್ಲಿಟ್ಟೆ, ಎಲ್ಲಿಟ್ಟೆ' ಅಂತೀವಿ ಅಲ್ವಾ?

ನನಗೆ ಚಿಂತೆ ಇರುವುದು 'ದಡ್ಡಿ' ಅನ್ನೋ ಮಾತಿನದ್ದು. ಪರೀಕ್ಷೆಯಲ್ಲಿ ಇದು ತಲೆಯಲ್ಲಿ ಸುತ್ತತೊಡಗಿದರೆ ಲೆಕ್ಕದ ಮೇಲಿರಬೇಕಾದ ಗಮನವನ್ನೆಲ್ಲ ತಿಂದುಹಾಕುತ್ತದೆ. ಅದಕ್ಕೆ 'ನಾನು ಜಾಣೆ' ಮದ್ದಲ್ಲ. ತನಗೇ ನಂಬಿಕೆಯಿಲ್ಲದ ಮಾತು ಹೇಳಬೇಕಾಗಿ ಬಂದಾಗ ಅಳು ಬರದೆ ಇನ್ನೇನು? ನೆದರ್ಲೆಂಡ್ಸ್‌ನಲ್ಲಿ 9ರಿಂದ 13 ವರ್ಷದ 212 ಮಕ್ಕಳಿಗೆ ಸಂಶೋಧಕರು ಗಣಿತ ಪರೀಕ್ಷೆ ಕೊಟ್ಟು, ಅರ್ಧಕ್ಕೆ ನಿಲ್ಲಿಸಿದರು. ಕೆಲವರು ಮನಸ್ಸಿನಲ್ಲೇ 'ನಾನು ಇದರಲ್ಲಿ ಜಾಣ' ಎಂದುಕೊಳ್ಳಬೇಕು, ಕೆಲವರು 'ನನ್ನ ಕೈಲಾದಷ್ಟೂ ಮಾಡ್ತೀನಿ' ಎಂದುಕೊಳ್ಳಬೇಕು. ಆಮೇಲೆ ಉಳಿದರ್ಧ ಬರೆಯಬೇಕು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ತಮ್ಮ ಮೇಲೆ ನಂಬಿಕೆ ಕಡಿಮೆ ಇದ್ದ ಮಕ್ಕಳ ಅಂಕ ಏರಿದ್ದು 'ಮಾಡ್ತೀನಿ' ಅಂದಾಗ. 'ಜಾಣ' ಅಂದುಕೊಂಡವರಿಗೆ ಆ ಲಾಭ ಸಿಗಲಿಲ್ಲ.

ನನ್ನ ಹತ್ತಿರ ಬಂದ ಒಬ್ಬ ಹುಡುಗ ವರ್ಗಸಮೀಕರಣದಲ್ಲಿ ಪ್ರತಿ ಸಲ ಚಿಹ್ನೆ ತಪ್ಪುತ್ತಿದ್ದ. ಕೂಡಲೇ ಪೆನ್ನು ಕೆಳಗಿಟ್ಟು 'ಆಗಲ್ಲ' ಅನ್ನುತ್ತಿದ್ದ. ಒಂದೊಂದು ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳು ಅಂದೆ. 'ಬಿ ಅಂದ್ರೆ ಮೈನಸ್ ಐದು. ಹಾಗಾದ್ರೆ ಮೈನಸ್ ಬಿ... ಪ್ಲಸ್ ಐದು! ವರ್ಗ ಮಾಡಿದ್ರೆ 25. ಅದರಲ್ಲಿ ನಾಲ್ಕು ಎ ಸಿ, ಅಂದ್ರೆ 24 ಕಳೆದ್ರೆ 1.' ಆ 'ಪ್ಲಸ್ ಐದು' ಬಂದಾಗ ದನಿ ಏರಿತ್ತು. ತಪ್ಪು ಎಲ್ಲಿ ಆಗುತ್ತಿತ್ತು ಅಂತ ಅವನ ಕಿವಿಗೇ ಕೇಳಿಸಿತು.

ನಿಮ್ಮ ಮಗಳಿಗೂ ಇದೇ ಅಭ್ಯಾಸ ಮಾಡಿಸಿ. 'ದಡ್ಡಿ' ಬಾಯಿಗೆ ಬಂದಾಗ ಅದರ ಜಾಗಕ್ಕೆ ಒಂದು ಪ್ರಶ್ನೆ ಹಾಕಿಕೊಳ್ಳಲಿ: 'ಯಾವ ಸಾಲಿನವರೆಗೆ ಸರಿ ಇದೆ?' ಪರೀಕ್ಷಾ ಕೊಠಡಿಯಲ್ಲಿ ಮಾತಾಡೋಕಾಗಲ್ಲ, ನಿಜ. ಮೊದಲು ಜೋರಾಗಿ, ಆಮೇಲೆ ಪಿಸುಮಾತಿನಲ್ಲಿ, ಕೊನೆಗೆ ಮನಸ್ಸಿನಲ್ಲೇ ಹೇಳಿಕೊಳ್ಳಲಿ. ಅವಸರದ ಮಕ್ಕಳಿಗೆ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಮೈಕೆನ್‌ಬಾಮ್ 1971ರಲ್ಲಿ ಕಲಿಸಿದ್ದು ಇದೇ ಕ್ರಮದಲ್ಲಿ. ಒಂದೆರಡು ದಿನದಲ್ಲಿ ಬರಲ್ಲ, ಈಗಲೇ ಶುರು ಮಾಡಿ.

ಒಂದು ವೇಳೆ ಊಟ, ನಿದ್ದೆ ಬಿಟ್ಟರೆ, 'ನಾನು ಇರಬಾರದಿತ್ತು' ಎಂಬ ಮಾತು ಬಂದರೆ ತಡ ಮಾಡಬೇಡಿ. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು, ನಿಮಗೇ ಹೇಳುವ ಮಾತು. 'ನನಗೂ ಗಣಿತ ಅಷ್ಟಕ್ಕಷ್ಟೆ' ಎಂದು ಅವಳ ಮುಂದೆಯೂ ಹೇಳಿರುತ್ತೀರಿ. ಮಕ್ಕಳು ನಮ್ಮ ಬಾಯಿಂದ ಕೇಳಿದ್ದನ್ನೇ ಒಳಗೆ ಹೇಳಿಕೊಳ್ಳುತ್ತಾರೆ. ಇವತ್ತು ಸಂಜೆ ಪಕ್ಕದಲ್ಲಿ ಕೂತು, 'ಈ ಲೆಕ್ಕ ನನಗೆ ಹೇಳಿಕೊಡು' ಅನ್ನಿ. ಅತ್ತೆಯವರನ್ನೂ ಕರೆಯಿರಿ.